ಎಷ್ಟು ಅಂತ ಪರದೆ ಹೇಳುತ್ತೆ, ಯಾಕೆ ಅಂತ ಎಣಿಕೆಯಕ್ಕ

ಬೆಳಗಿನ ಜಾವ ಐದೂಕಾಲು. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಬಟ್ಟೆ ಒಣಗಿಸುವ ಯಂತ್ರಗಳು ಆಗಷ್ಟೇ ಸದ್ದು ನಿಲ್ಲಿಸಿವೆ. ಉದ್ದನೆಯ ಮೇಜಿನ ಮುಂದೆ ನಿಂತ ಹೆಂಗಸೊಬ್ಬರು ಮಡಿಸಿಟ್ಟ ಬೆಡ್‌ಶೀಟುಗಳ ಅಂಚಿನ ಮೇಲೆ ಹೆಬ್ಬೆರಳು ಓಡಿಸುತ್ತಿದ್ದಾರೆ. ತುಟಿ ಅಲುಗುವುದಿಲ್ಲ. ಹತ್ತಾದಾಗ ಒಂದನ್ನು ಅಡ್ಡಕ್ಕೆ ತಿರುಗಿಸುತ್ತಾರೆ, ಮತ್ತೆ ಮುಂದಕ್ಕೆ. ನಾನು ಮಾತಾಡಿಸಲು ಹೋದರೆ ಎಡಗೈ ಎತ್ತಿ ತಡೆಯುತ್ತಾರೆ. ಕಟ್ಟು ಮುಗಿದ ಮೇಲೆ ನಗು.

“ಬೇಜಾರ್ ಮಾಡ್ಕೋಬೇಡಿ. ನಡುವೆ ಬಾಯಿ ಬಿಟ್ರೆ ಮತ್ತೆ ಒಂದರಿಂದ ಶುರು.”

ಇಡೀ ಆಸ್ಪತ್ರೆಗೆ ಇವರು ‘ಎಣಿಕೆಯಕ್ಕ’. ವಯಸ್ಸು ಐವತ್ತನಾಲ್ಕು, ಇಲ್ಲಿನ ಕೆಲಸಕ್ಕೆ ಇಪ್ಪತ್ತಾರು ವರ್ಷ. ದಿನಕ್ಕೆ ಸಾವಿರದ ನೂರು ಬೆಡ್‌ಶೀಟು, ಏಳುನೂರು ದಿಂಬಿನ ಕವರು, ಇನ್ನೂರ ನಲವತ್ತು ಗೌನು ಇವರ ಕೈ ದಾಟಿ ಹದಿನಾಲ್ಕು ವಾರ್ಡುಗಳಿಗೆ ಹೋಗುತ್ತವೆ. ಏಳು ಗಂಟೆಗೆ ನರ್ಸುಗಳ ಪಾಳಿ ಬದಲಾಗುವ ಮೊದಲು ಎಲ್ಲ ಗಾಡಿಯೂ ಲಿಫ್ಟ್ ಹತ್ತಿರಬೇಕು.

ಗಂಡ ಟೈಲರ್. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲಾಗದ ದಿನ ಬಂದಾಗ ಮಗಳಿಗಿನ್ನೂ ಎರಡು ವರ್ಷ. ಕೂಸನ್ನು ಪಕ್ಕದ ಮನೆಯವರ ಮಡಿಲಿಗೆ ಹಾಕಿ ಎಣಿಕೆಯಕ್ಕ ಲಾಂಡ್ರಿಗೆ ಬಂದರು. ಮೊದಲ ಮೂರು ವರ್ಷ ಕೊಳೆ ಬಟ್ಟೆ ವಿಂಗಡಿಸುವ ಕೆಲಸ. ಅಂಗೈ ಚರ್ಮ ಸುಲಿದು, ಊಟಕ್ಕೆ ಕೂತರೆ ಕಣ್ಣಲ್ಲಿ ನೀರು. “ಆಗ ಬಿಟ್ಟು ಹೋಗ್ಬೇಕು ಅನ್ನಿಸ್ತಿತ್ತು. ಹೋಗೋದೆಲ್ಲಿಗೆ? ಆಮೇಲೆ ಎಣಿಸೋ ಕೆಲಸಕ್ಕೆ ಹಾಕಿದ್ರು. ಅಲ್ಲಿಂದ ಕೆಲಸದ ರುಚಿ ಹತ್ತಿತು.” ಕಳೆದ ವರ್ಷ ಆ ಮಗಳ ಮದುವೆಯೂ ಆಯಿತು. ಎಣಿಕೆಯಕ್ಕನ ಗಂಡನ ದೂರು ಒಂದೇ: “ಮನೇಲಿರೋದು ನಾಲ್ಕು ಚಾದರ. ಅದನ್ನೂ ದಿನಾ ಎಣಿಸ್ತಾಳೆ, ನಾನೇನೋ ಮಾರ್ಕೊಂಡ್ ಬಿಟ್ಟೆ ಅನ್ನೋ ಹಾಗೆ.”

ಮೂರು ತಿಂಗಳ ಹಿಂದೆ ಆಸ್ಪತ್ರೆಗೆ ಹೊಸ ಮಾಹಿತಿ ವಿಶ್ಲೇಷಣೆಯ ಪ್ಲಾಟ್‌ಫಾರ್ಮ್ ಬಂತು. ಔಷಧಿ, ಹಾಸಿಗೆ, ಬಟ್ಟೆ, ಎಲ್ಲದರ ಅಂಕಿಯೂ ಒಂದೇ ಪರದೆಯ ಮೇಲೆ, ಬಣ್ಣಬಣ್ಣದ ಗೆರೆಗಳಲ್ಲಿ. “ಪ್ಲಾಟ್‌ಫಾರ್ಮ್ ಬಂತಂತೆ, ರೈಲು ಯಾವಾಗ?” ಎಂದು ಲಾಂಡ್ರಿಯವರು ನಕ್ಕರು. ನಗುವಿನ ಹಿಂದೆ ಅಳುಕೂ ಇತ್ತು. ಎಣಿಕೆಯಕ್ಕನ ನೋಟ್‌ಬುಕ್ ಹೋಗಿ ಕೈಗೆ ಟ್ಯಾಬ್ ಬಂದಿತ್ತು. ಮುಂದೆ ಎಣಿಸುವವರೇ ಬೇಡವಾದರೆ?

ಎರಡನೇ ವಾರ ಪರದೆಯಲ್ಲಿ ಆರನೇ ವಾರ್ಡ್ ಕೆಂಪಾಯಿತು. ಅಷ್ಟೇ ಹಾಸಿಗೆಗಳಿರುವ ಬೇರೆ ವಾರ್ಡಿಗೆ ದಿನಕ್ಕೆ ಎಂಬತ್ತು ಬೆಡ್‌ಶೀಟು ಸಾಕಾದರೆ ಇಲ್ಲಿಗೆ ನೂರಿಪ್ಪತ್ತು. ಐದನೇ ಮಹಡಿಯ ಆಡಳಿತಾಧಿಕಾರಿ ಆದೇಶ ಹೊರಡಿಸಿದರು: ನಾಳೆಯಿಂದ ಆರನೇ ವಾರ್ಡಿಗೂ ಎಂಬತ್ತೇ. ಎರಡು ಬೆಳಗು ಎಣಿಕೆಯಕ್ಕ ಎಂಬತ್ತನ್ನೇ ಕಳಿಸಿದರು. ಮೂರನೆಯ ಬೆಳಗು ವಾರ್ಡಿನ ನರ್ಸ್ ಫೋನ್ ಮಾಡಿದರು: “ಅಕ್ಕಾ, ಹಾಸೋಕೆ ಒಂದೂ ಇಲ್ಲ. ಒಬ್ಬ ಅಜ್ಜನ ಬೆನ್ನು ಕೆಂಪಾಗ್ತಿದೆ.”

ಎಣಿಕೆಯಕ್ಕ ಯಾರನ್ನೂ ಕೇಳದೆ, ಆ ದಿನದ ಎಂಬತ್ತರ ಮೇಲೆ ಇನ್ನೂ ನಲವತ್ತು ಬೆಡ್‌ಶೀಟು ಗಾಡಿಗೆ ಹಾಕಿ ಕಳಿಸಿದರು. ಟ್ಯಾಬಿನಲ್ಲಿ ನೂರಿಪ್ಪತ್ತು ಎಂದೇ ಒತ್ತಿದರು. ಸೆರಗಿಗೆ ಕೈ ಒರೆಸಿಕೊಂಡು, ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಬಾರಿ ಐದನೇ ಮಹಡಿಗೆ ಹತ್ತಿದರು.

“ಅಂಕಿ ಸುಳ್ಳು ಹೇಳುತ್ತೇನಮ್ಮಾ?” ಎಂದರು ಅಧಿಕಾರಿ.

“ಇಲ್ಲ ಸರ್. ಎಣಿಸಿದವಳು ನಾನೇ, ಸುಳ್ಳು ಹೇಗಾಗುತ್ತೆ? ಅದು ಎಷ್ಟು ಅಂತ ಹೇಳಿದೆ. ಯಾಕೆ ಅನ್ನೋದು ಆರನೇ ವಾರ್ಡಲ್ಲಿ ಮಲಗಿದೆ. ಬನ್ನಿ, ತೋರಿಸ್ತೀನಿ.”

ಅಧಿಕಾರಿ ಏಳಲಿಲ್ಲ. ಮೂಲೆಯ ಕಂಪ್ಯೂಟರಿನ ಮುಂದೆ ಕೂತು ಪರದೆಯ ಅಂಕಿ ನೋಡಿಕೊಳ್ಳುತ್ತಿದ್ದ ವಿಶ್ಲೇಷಕಿ ಎದ್ದು ಎಣಿಕೆಯಕ್ಕನ ಜೊತೆ ವಾರ್ಡಿಗೆ ಹೋದರು. ಪಾರ್ಶ್ವವಾಯು ಹೊಡೆದು ಮಗ್ಗುಲು ಬದಲಿಸಲಾಗದವರೇ ಆ ವಾರ್ಡಿನ ತುಂಬ. ದಿನಕ್ಕೆ ಮೂರು ಸಲ ಬೆಡ್‌ಶೀಟು ಬದಲಿಸದಿದ್ದರೆ ಬೆನ್ನಿಗೆ ಹುಣ್ಣು. ಪರದೆ ಹಾಸಿಗೆಗಳನ್ನು ಲೆಕ್ಕ ಹಾಕಿತ್ತು, ಅವುಗಳ ಮೇಲೆ ಯಾರಿದ್ದಾರೆ ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ವಿಶ್ಲೇಷಕಿ ನಾಲ್ಕು ಬೆಳಗು ನೆಲಮಾಳಿಗೆಗೆ ಬಂದು ಎಣಿಕೆಯಕ್ಕನ ಪಕ್ಕ ನಿಂತರು. ಐದನೆಯ ದಿನ ಆದೇಶ ವಾಪಸಾಯಿತು. ಯಾಕೆ ಹೆಚ್ಚು ಬೇಕು ಎಂದು ಬರೆಯಲು ಟ್ಯಾಬಿನಲ್ಲಿ ‘ಕಾರಣ’ ಎಂಬ ಹೊಸ ಚೌಕ ಬಂತು. ಅಜ್ಜನ ಬೆನ್ನಿನ ಕೆಂಪೂ ವಾರದಲ್ಲಿ ಇಳಿಯಿತು.

ಹಾಗಂತ ಪರದೆಯ ಮೇಲೆ ಇವರಿಗೆ ಮುನಿಸಿಲ್ಲ. ಸೋಮವಾರ ಬಂತೆಂದರೆ ಮಕ್ಕಳ ವಾರ್ಡಿಗೆ ಬಟ್ಟೆ ಸಾಲುತ್ತಿರಲಿಲ್ಲ. “ನನ್ನ ಗ್ರಹಚಾರ ಅಂದ್ಕೊಂಡಿದ್ದೆ. ಅದು ಗೆರೆ ಎಳೆದು ತೋರಿಸ್ತು ನೋಡಿ, ಭಾನುವಾರ ಅರ್ಧ ಯಂತ್ರ ಮಾತ್ರ ಓಡುತ್ತೆ, ಅದಕ್ಕೇ. ಕಣ್ಣೆದುರಿಗೇ ಇತ್ತು, ಕಂಡಿರ್ಲಿಲ್ಲ!” ಈಗ ಶನಿವಾರವೇ ಇನ್ನೂರು ಹೆಚ್ಚು ಒಗೆದಿಡುತ್ತಾರೆ. ಏಳು ಸೋಮವಾರಗಳಿಂದ ಮಕ್ಕಳ ವಾರ್ಡಿನಿಂದ ಫೋನಿಲ್ಲ.

ಪಕ್ಕದೂರಿನ ಆಸ್ಪತ್ರೆಗೂ ಇಂಥದ್ದೇ ವ್ಯವಸ್ಥೆ ಬರಲಿದೆಯಂತೆ. ಅಲ್ಲಿನ ಲಾಂಡ್ರಿಯವರು ಕೇಳಿಕೊಂಡು ಬಂದಿದ್ದರು, ಅದರಿಂದ ಏನು ನಿರೀಕ್ಷಿಸಬೇಕು ಎಂದು. “ಹೊಸ ಸೊಸೆ ಹಾಗೆ ಅಂದೆ. ಚುರುಕಾಗಿದ್ದಾಳೆ, ಮನೆಯವರ ಸಂಗತಿ ಗೊತ್ತಿಲ್ಲ. ಕೂತು ಹೇಳ್ಕೊಡಿ, ಅವಳು ಹೇಳಿದ್ದನ್ನೂ ಸ್ವಲ್ಪ ಕೇಳಿ.”

ಹೊರಡುವ ಮುನ್ನ, ನಿಮಗೇನಾದರೂ ಆಸೆ ಇದೆಯೇ ಎಂದೆ. ಸಂಬಳ ಹೆಚ್ಚಲಿ ಎನ್ನಬಹುದೆಂದು ಕಾದೆ. ಎಣಿಕೆಯಕ್ಕ ಟ್ಯಾಬ್ ತೆಗೆದು ಆ ‘ಕಾರಣ’ದ ಚೌಕ ತೋರಿಸಿದರು.

“ನಲವತ್ತೇ ಅಕ್ಷರ ಹಿಡಿಸುತ್ತೆ ಇದು. ಒಂದು ವಾರ್ಡಿನ ಕಷ್ಟ ನಲವತ್ತು ಅಕ್ಷರಕ್ಕೆ ಬರುತ್ತಾ? ಸ್ವಲ್ಪ ದೊಡ್ಡದು ಮಾಡ್ಕೊಡಿ ಅಂತ ಆ ಕಂಪ್ಯೂಟರ್ ಹುಡುಗಿಗೆ ಹೇಳಿದ್ದೀನಿ. ಅಷ್ಟಾದ್ರೆ ಸಾಕು. ಬರೆಯೋದು ನನ್ನ ಹತ್ರ ಬೇಕಾದಷ್ಟಿದೆ.”