ಡಂಗುರ ಸಾರಿಸಿಕೊಂಡ ಜ್ವರ

ಹಲಗೆಯ ಸದ್ದು ನನ್ನ ಕಿಟಕಿಯ ಹೊರಗೇ ನಿಂತಿತು. "ಕೇಳ್ರಪ್ಪೋ ಕೇಳ್ರಿ! ಸಾಲಿ ಅಕ್ಕೋರಿಗೆ ಜ್ವರ ಬಂದೈತಿ. ಈ ಊರಾಗ ಅವರಿಗೆ ಯಾರೂ ಇಲ್ಲಂತ!"

ಮರ್ಯಾದೆ ಹೋಯಿತೆಂದು ಹೊದಿಕೆಯೊಳಗೆ ಮುಖ ಮುಚ್ಚಿಕೊಂಡೆ. ಅದು ಎಪ್ಪತ್ತರ ದಶಕ. ಮೈಸೂರು ಕಡೆಯಿಂದ ತಿಳವಳ್ಳಿಗೆ ಟೀಚರಾಗಿ ಬಂದು ತಿಂಗಳಾಗಿತ್ತಷ್ಟೆ. ಬೆಳಿಗ್ಗೆ ಡಂಗುರದ ಫಕ್ಕೀರಪ್ಪ "ಯಾರಿಗರ ಹೇಳಿ ಕಳಸಲೇನ್ರಿ?" ಎಂದು ಕೇಳಿದಾಗ, "ಇಲ್ಲಿ ನನಗ್ಯಾರಿದ್ದಾರೆ?" ಎಂದು ಸಿಡುಕಿದ್ದೆ. ಎಮ್ಮೆ ಕಳೆದದ್ದನ್ನೂ ಸಂತೆ ರದ್ದಾದದ್ದನ್ನೂ ಸಾರುವ ಮನುಷ್ಯ ಇದನ್ನೂ ಸಾರಿಬಿಟ್ಟ.

ಸಂಜೆಯೊಳಗೆ ಹನ್ನೊಂದು ಮನೆಯ ಗಂಜಿ ಬಂದು ನನ್ನ ಪಡಸಾಲೆಯಲ್ಲಿ ಕೂತಿತ್ತು. ಎದುರು ಮನೆಯ ಅಜ್ಜಿಯಂತೂ ಬಾಗಿಲಲ್ಲೇ ಗದರಿದಳು: "ಯಾರೂ ಇಲ್ಲಂದ್ಯಂತಲ್ಲ ಯವ್ವಾ, ನಾವೆಲ್ಲಾ ಸತ್ತೇವೇನು?"

ಜ್ವರ ಎರಡು ದಿನಕ್ಕೆ ಬಿಟ್ಟಿತು. ಆದರೆ ಬೇಜಾರಿನಲ್ಲಿ "ನನಗ್ಯಾರಿದ್ದಾರೆ?" ಎಂಬ ಮಾತು ಬಾಯಿಗೆ ಬಂದರೆ, ಇವತ್ತಿಗೂ ಮೊದಲು ಕಿಟಕಿಯ ಕಡೆ ನೋಡುತ್ತೇನೆ.