ಅಕ್ಕು ಅಕ್ಕು

ದುಬೈಯ ಅಲ್ ಮುರಕ್ಕಬಾತಿನಲ್ಲಿರುವ ಆ ಕ್ಲಿನಿಕ್ಕಿನ ಹಳೆಯ ಸಾಫ್ಟ್‌ವೇರಿಗೆ ಒಂದೇ ಒಂದು ಹೆಸರಿರುವ ಮನುಷ್ಯರನ್ನು ಕಂಡರಾಗದು. ಎರಡನೇ ಹೆಸರಿನ ಜಾಗ ಖಾಲಿ ಬಿಟ್ಟರೆ ಅದು ಮುಂದಕ್ಕೇ ಹೋಗುವುದಿಲ್ಲ. ಹಾಗಾಗಿ ಹದಿನಾಲ್ಕು ವರ್ಷಗಳಿಂದ ಅಲ್ಲಿ ಆಯಾ ಆಗಿರುವ ಉಡುಪಿ ಕಡೆಯ ಅಕ್ಕುವಿನ ಬ್ಯಾಡ್ಜಿನಲ್ಲಿ ‘ಅಕ್ಕು ಅಕ್ಕು’ ಎಂದಿತ್ತು. ಡಾಕ್ಟರುಗಳೂ ನಗುತ್ತಾ ಹಾಗೆಯೇ ಕರೆಯುತ್ತಿದ್ದರು.

ಹೊಸ ಸಾಫ್ಟ್‌ವೇರಿನಲ್ಲಿ ಏನೇನು ಬೇಕೆಂದು ಪಟ್ಟಿ ಮಾಡಲು ಬಂದವನು ಎಂಜಿನಿಯರ್ ಧರ್ಮಪಾಲ. ಅವನೂ ಊರ ಕಡೆಯವನೆಂದು ತಿಳಿದು ಅಕ್ಕು ಮೆಟ್ಟಿಲಲ್ಲಿ ತಡೆದು, ಇದೊಂದು ಸರಿ ಮಾಡಿಸಿಕೊಡಿ ಎಂದು ತುಳುವಿನಲ್ಲಿ ಕೇಳಿಕೊಂಡಿದ್ದಳು. ಅವನು ಆಯಿತು ಎಂದಿದ್ದ.

ಆದರೆ ಹೊಸದನ್ನು ಕಟ್ಟಬೇಕಾದದ್ದು ಹಳೆಯದರ ಮೇಲೆಯೇ. ಆ ಒಂದು ಜಾಗ ಬದಲಿಸಿದರೆ ಲ್ಯಾಬು, ವಿಮೆ, ಔಷಧಿ ಎಲ್ಲವನ್ನೂ ಬಿಚ್ಚಬೇಕು. ಹಾಗೆಂದು ಬರೆದರೆ ಮೀಟಿಂಗಿನಲ್ಲಿ ನೂರು ಪ್ರಶ್ನೆ. ಧರ್ಮಪಾಲ ಸುಲಭದ್ದನ್ನು ಬರೆದ: ‘ಈ ಬದಲಾವಣೆಯನ್ನು ಯಾರೂ ಕೇಳಿಲ್ಲ.’ ಯಾರೂ ಕೇಳಿಲ್ಲವಂತೆ! ಮೆಟ್ಟಿಲಲ್ಲಿ ತುಳುವಿನಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಅಂದಿನಿಂದ ಮೆಟ್ಟಿಲು ಬಿಟ್ಟು ಲಿಫ್ಟ್ ಹಿಡಿದ.

ಹೊಸ ಸಾಫ್ಟ್‌ವೇರ್ ಶುರುವಾದ ದಿನ ಅಕ್ಕು ಅವನನ್ನು ಹುಡುಕಿಕೊಂಡು ಬಂದಳು. ಕೈಯಲ್ಲಿ ಹೊಸ ಬ್ಯಾಡ್ಜು. ಫೋಟೊ ಹೊಸದು, ಬಣ್ಣ ಹೊಸದು, ಹೆಸರು ಮಾತ್ರ ಅದೇ ಎರಡು ಸಲ. ಧರ್ಮಪಾಲನಿಗೆ ಮುಖವೆತ್ತಲಾಗಲಿಲ್ಲ.

“ಆಗ್ಲಿಲ್ಲ ಅಕ್ಕಾ,” ಎಂದ.

“ಇರ್ಲಿ ಮಾರಾಯ್ರೆ, ನೀವು ಬೇಜಾರು ಮಾಡ್ಬೇಡಿ,” ಎಂದು ಅವಳೇ ಸಮಾಧಾನ ಹೇಳಿದಳು. “ನನಗೆ ಬೇಕಾಗಿ ಮೇಲಿನವರ ಹತ್ರ ಕೇಳಿದ್ರಲ್ಲ, ಅಷ್ಟು ಸಾಕು.”