ಯಾವ ಊರಿನ ಸೂರ್ಯ ಡೀಫಾಲ್ಟ್?

ಒಂದು ಸಾಲಿಗಾಗಿ ನಾನೂ ಡಾಕ್ಟರ್ ಸುಧಾಕರ್ ಅವರೂ ತಿಂಗಳುಗಟ್ಟಲೆ ಜಗಳವಾಡಿದೆವು. (ಸಾಲಕ್ಕಾಗಿ ಅಲ್ಲ, ಸಾಲಿಗಾಗಿ. ಸರಿಯಾಗಿ ಓದಿ!) ಕಂಪ್ಯೂಟರ್ ಕೋಡಿನ ಒಂದೇ ಒಂದು ಸಾಲು.

ಸುಧಾಕರ್ ಧಾರವಾಡದವರು. ಇಂಗ್ಲೆಂಡಿನ ಶೆಫೀಲ್ಡ್‌ನ ಬ್ರೂಮ್‌ಹಿಲ್‌ನಲ್ಲಿ ಮನೆ, ಆಸ್ಪತ್ರೆಯಲ್ಲಿ ಡಯಾಬಿಟಿಸ್ ಡಾಕ್ಟರು. ರೋಟಾ, ಅಂದರೆ ಡ್ಯೂಟಿ ಪಟ್ಟಿ, ಬಿಡುವು ಕೊಟ್ಟಾಗ ಪ್ರೋಗ್ರಾಂ ಬರೆಯುವ ಹುಚ್ಚು. ನಾನು ಅದೇ ಇಂಗ್ಲೆಂಡಿನ ಲಫ್‌ಬರೋದಲ್ಲಿ ಹೊಟ್ಟೆಪಾಡಿಗೇ ಅದನ್ನು ಮಾಡುವವಳು. ಇಬ್ಬರೂ ಸೇರಿ ಪಂಚಾಂಗ ಹೇಳುವ ಪ್ರೋಗ್ರಾಂ ಬರೆದು ಓಪನ್ ಸೋರ್ಸ್ ಮಾಡಿದ್ದೆವು. ಅಂದರೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ನಮ್ಮನ್ನು ಬೈಯಬಹುದು.

ಅದಕ್ಕೆ ಎರಡು ಬ್ರಾಂಚ್. (ಬ್ಯಾಂಕಿನದಲ್ಲ, ಒಂದೇ ಪ್ರೋಗ್ರಾಮಿನ ಎರಡು ರೂಪ ಅಂದುಕೊಳ್ಳಿ.) ಸೂರ್ಯ ಹುಟ್ಟುವಾಗ ಯಾವ ತಿಥಿಯೋ ಆ ದಿನಕ್ಕೆ ಅದೇ ತಿಥಿ ತಾನೆ? ಹಳೆಯದು ಬೆಂಗಳೂರಿನ ಸೂರ್ಯೋದಯ ಹಿಡಿದು ತಿಥಿ ಹೇಳುತ್ತದೆ. ಗಟ್ಟಿಮುಟ್ಟು. ಹೊಸದು ನೀವಿರುವ ಊರಿನ ಸೂರ್ಯೋದಯ ಹಿಡಿಯುತ್ತದೆ. ಇನ್ನೂ ಎಳಸು. ಹೊಸಬರು ನಕಲು ಹೊಡೆಯಲೆಂದು ಕೊಡುವ ಮಾದರಿ ಕೋಡ್ ಈ ಎರಡರಲ್ಲಿ ಯಾವುದನ್ನು ಬಳಸಬೇಕು? ಅದನ್ನು ಹೇಳುವುದೇ ಆ ಒಂದು ಸಾಲು.

ಯಾವುದಾದರೇನು, ಬೇಕಾದವರು ಬದಲಾಯಿಸಿಕೊಳ್ಳುತ್ತಾರೆ ಅನ್ನುತ್ತೀರಾ? ಯಾರೂ ಬದಲಾಯಿಸುವುದಿಲ್ಲ ಸ್ವಾಮಿ! ಹೋಟೆಲಿನಲ್ಲಿ ‘ಕಾಫಿ’ ಅಂದರೆ ಸಕ್ಕರೆ ಹಾಕಿಯೇ ಕೊಡುತ್ತಾರಲ್ಲ, ಅದು ಡೀಫಾಲ್ಟ್. ನಮ್ಮ ವಿಸಿಆರ್‌ನ ಗಡಿಯಾರ ಕೊಂಡ ದಿನದಿಂದ ಹನ್ನೆರಡು ಗಂಟೆ ಮಿನುಗಿಸುತ್ತಿದೆ, ಅದೂ ಡೀಫಾಲ್ಟೇ. ಕೊಟ್ಟಿದ್ದನ್ನು ಒಪ್ಪಿಕೊಂಡು ಬದುಕುವುದು ಮನುಷ್ಯನ ಜಾಯಮಾನ.

“ಹಳೇದೇ ಇರಲಿ. ಪರೀಕ್ಷೆ ಆಗದ ಔಷಧಿ ಪೇಷಂಟಿಗೆ ಕೊಡ್ತೀವಾ?” ಎಂದರು ಸುಧಾಕರ್.

“ಬೆಂಗಳೂರಿನ ಪೇಷಂಟಿನ ಔಷಧಿ ಶೆಫೀಲ್ಡ್‌ನವರಿಗೆ ಕೊಡ್ತೀರಾ?” ಎಂದೆ ನಾನು.

ಈಮೇಲ್ ಮೇಲೆ ಈಮೇಲ್. ಸಿಟ್ಟು ಬಂದರೆ ಅವರ ಬೆಂಗಳೂರು ಕನ್ನಡ ಕಳಚಿ ಧಾರವಾಡ ಹೊರಬೀಳುತ್ತದೆ. “ಏನ್ರೀ ರೇಖಾ, ಹಟಾ ಬಿಡ್ರೀ ಇನ್ನ!” ಎಂದು ಫೋನ್‌ನಲ್ಲೇ ಕೂಗಿದರು. ಕೊನೆಗೆ ಅವರ ಹೆಂಡತಿ ವಿಜಯಾ, “ಶನಿವಾರ ಊಟಕ್ಕೆ ಬನ್ನಿ, ಎದುರಾಬದುರು ಕೂತು ಮುಗಿಸಿ” ಎಂದಳು.

ಹೋದೆ. ಮೇಜಿನ ಮೇಲೆ ಬಿಸಿಬೇಳೆಬಾತ್. ಪಕ್ಕದಲ್ಲಿ ಲ್ಯಾಪ್‌ಟಾಪ್. ಎದುರಿಗೆ ವಿಜಯಾಳ ತಾಯಿ, ಮೈಸೂರಿನಿಂದ ಬಂದು ಮಗಳ ಮನೆಯಲ್ಲಿರುವ ಕಮಲಮ್ಮನವರು.

ಕಮಲಮ್ಮನವರಿಗೆ ಸಕ್ಕರೆ ಕಾಯಿಲೆ. ಏಕಾದಶಿ ಬಂದರೆ ನೀರೂ ಮುಟ್ಟುವುದಿಲ್ಲ. ಹಿಂದಿನ ಏಕಾದಶಿಗೆ ತಲೆಸುತ್ತಿ ಮೆಟ್ಟಿಲ ಮೇಲೆ ಕುಸಿದಿದ್ದರು. ಊರಿನವರಿಗೆಲ್ಲ ಪಥ್ಯ ಹೇಳುವ ಅಳಿಯ ಕೈಮುಗಿದು ಬೇಡಿಕೊಂಡರೂ, “ಮದುವೆಯಾದಾಗಿಂದ ಮಾಡ್ಕೊಂಡು ಬಂದಿದೀನಿ, ಬಿಡೋಕಾಗತ್ತಾ?” ಎನ್ನುತ್ತಿದ್ದರಂತೆ.

ಎರಡೂ ಬ್ರಾಂಚ್ ಓಡಿಸಿದೆವು. ಹಳೆಯದು ‘ನಾಳೆ ಏಕಾದಶಿ’ ಎಂದಿತು. ಹೊಸದು ‘ಇವತ್ತೇ’ ಎಂದಿತು.

ವಿಜಯಾಳ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು.

“ಇವತ್ತು ಅಂತ ಯಾರು ಹೇಳ್ತಿರೋದು?” ಕಮಲಮ್ಮ ಕೇಳಿದರು.

“ಇಲ್ಲಿನ ಸೂರ್ಯ, ಅಮ್ಮ” ಎಂದೆ.

“ನಾಳೆ ಅಂತ?”

“ಬೆಂಗಳೂರಿನ ಸೂರ್ಯ.”

ಅವರು ಕಣ್ಣು ಮುಚ್ಚಿ ಯೋಚಿಸಿದರು. ಆಮೇಲೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. “ನಾನು ಮೈಸೂರಿನವಳು. ನಮ್ಮ ಕಡೆ ಸೂರ್ಯ ಹೇಳಿದ್ದೇ ಸರಿ. ಇವತ್ತು ಬಡಿಸು.”

“ನಾಳೆ, ಅತ್ತೆ?” ಸುಧಾಕರ್ ಹೆದರುತ್ತಲೇ ಕೇಳಿದರು.

“ನಾಳೆ? ಇರೋದು ಈ ಊರಲ್ಲಿ ಅಲ್ವೇನಪ್ಪಾ? ಇಲ್ಲಿ ಏಕಾದಶಿ ಇವತ್ತಿಗೇ ಮುಗಿದುಹೋಗತ್ತಲ್ಲ. ನಾಳೆ ವಿಜಿ ಇಡ್ಲಿ ಮಾಡ್ಲಿ.”

ಯಾರೂ ನಗಲಿಲ್ಲ. ನಕ್ಕರೆ ಕೆಲಸ ಕೆಟ್ಟೀತು! ಸುಧಾಕರ್ ಮಾತ್ರ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಅವರ ಡಾಕ್ಟರಿಕೆಯೆಲ್ಲ ಸೋತಲ್ಲಿ ನಮ್ಮ ಜಗಳ ಗೆದ್ದಿತ್ತು. ನನಗನ್ನಿಸಿದ್ದಿಷ್ಟೇ: ಉಪವಾಸ ಬಿಡುವ ಆಸೆ ಆ ಹಿರಿಯ ಜೀವಕ್ಕೆ ಎಂದೋ ಹುಟ್ಟಿರಬೇಕು. ಬೇಕಾಗಿದ್ದು ಬುದ್ಧಿವಾದವಲ್ಲ, ಮರ್ಯಾದೆಗೆ ಕುಂದಿಲ್ಲದ ಒಂದು ನೆಪ. ನಮಗೆಲ್ಲ ಬೇಕಾಗಿರುವುದೂ ಅದೇ ಅಲ್ಲವೇ?

ಕೈ ತೊಳೆಯುವಾಗ ಸುಧಾಕರ್ ಪಿಸುಗುಟ್ಟಿದರು. “ನಿಮ್ಮ ಹೊಸಾದೇ ಡೀಫಾಲ್ಟ್ ಇರ್ಲಿ. ಆದ್ರ ಹಳೇದನ್ನ ಮಾತ್ರ ಅಳಸಬ್ಯಾಡ್ರೀ, ನಿಮ್ಮ ಕಾಲಿಗೆ ಬೀಳ್ತೀನಿ.”

ಅಳಿಸಲಿಲ್ಲ. ಮಾದರಿ ಕೋಡ್ ಹೊಸ ಬ್ರಾಂಚಿನೊಂದಿಗೇ ಹೊರಬಿತ್ತು. ಹಳೆಯ ಬ್ರಾಂಚ್ ಬೇಕಾದವರು ಏನು ಮಾಡಬೇಕೆಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದೆವು.

ಮುಂದಿನ ಏಕಾದಶಿ ಬಂತು. ಹಾಳಾದ್ದು, ಅವತ್ತು ಎರಡೂ ಬ್ರಾಂಚ್ ಒಂದೇ ದಿನ ಹೇಳಿಬಿಟ್ಟವು! ಬೆಳಗ್ಗೆಯೇ ಬ್ರೂಮ್‌ಹಿಲ್‌ನಿಂದ ಫೋನ್. ಸುಧಾಕರ್ ಇರಬೇಕೆಂದು ಎತ್ತಿದರೆ, ಕಮಲಮ್ಮ.

“ರೇಖಾ, ಅಮೆರಿಕದ ಸೂರ್ಯ ಏನಂತಾನೆ, ಸ್ವಲ್ಪ ನೋಡಿ ಹೇಳ್ತೀಯಾಮ್ಮ?”